ಮುಂದಿನ ಚಕ್ರ

ಬ್ರೆಡ್ ಮಾರುವ ಸೈಕಲ್ಲಿನವನು ಏರಿನಲ್ಲಿ ಅವಳ ಸ್ಕೂಟರನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಅಕ್ಕಾ, ಹಗ್ಗ ಬೇಕಾ? ನನ್ನ ಸೈಕಲ್ಲಿಗೆ ಕಟ್ಕೊಳ್ಳಿ" ಎಂದು ಹಲ್ಲು ಕಿರಿದ. ಅವಳ ಸಿಟ್ಟು ನೆತ್ತಿಗೇರಿತು. ಮಣಿಕಟ್ಟು ನೋಯುವಷ್ಟು ಆಕ್ಸಿಲರೇಟರ್ ತಿರುವಿದಳು. ಇಂಜಿನ್ ಅರಚಿಕೊಂಡಿತು. ಮುಳ್ಳು ಹತ್ತರ ಹತ್ತಿರ ಹೋಗಿ, ಇನ್ನು ಮುಂದೆ ಹೋಗಲೊಲ್ಲೆ ಎಂದು ಅಲ್ಲೇ ಕೂತಿತು. ಚಿಕ್ಕ ಇಂಜಿನ್ನಿನ ಗಾಡಿಯೇ ಇರಬಹುದು, ಆದರೆ ಐವತ್ತು ದಾಟುತ್ತಿದ್ದ ಗಾಡಿ. ಹೋದ ವರ್ಷ ಇದೇ ಏರನ್ನು ಉಸ್ಸೆನ್ನದೆ ಹತ್ತುತ್ತಿತ್ತು.

ಅವಳಿಗೆ ಸೂಜಿ ಎಂದು ಹೆಸರಿಟ್ಟವರು ಬೀದಿಯವರು. ಬೆಳಗಾದರೆ ಮನೆಮನೆಗೆ ಹೋಗಿ ರಕ್ತ ತೆಗೆದು, ಟ್ಯೂಬುಗಳನ್ನು ತಣ್ಣನೆಯ ಡಬ್ಬದಲ್ಲಿ ಜೋಡಿಸಿ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಮಾತಿನಲ್ಲೂ ಕಡಿಮೆಯವಳಲ್ಲವಾದ್ದರಿಂದ ಹೆಸರು ಮನೆಯೊಳಗೂ ಬಂದು ಸೇರಿಕೊಂಡಿತ್ತು. ಹೆತ್ತ ತಾಯಿಯೇ ಹಾಗೆ ಕರೆಯುತ್ತಿದ್ದಳು.

ಲ್ಯಾಬಿನ ಮೇಡಂ ಗಡಿಯಾರ ನೋಡಲಿಲ್ಲ, ಅವಳ ಮುಖ ನೋಡಿದರು. "ಮೇಷ್ಟ್ರ ಟ್ಯೂಬು ಕೆಟ್ಟಿದೆ. ಇಷ್ಟು ಹೊತ್ತು ದಾರೀಲಿ ಇಟ್ಕೊಂಡ್ರೆ ಇನ್ನೇನಾಗುತ್ತೆ? ಹೋಗಿ ಮತ್ತೆ ತೆಗೆದುಕೊಂಡು ಬಾ."

"ಗಾಡಿ ಓಡ್ತಿಲ್ಲ ಮೇಡಂ."

"ಗಾಡಿ ನಿನ್ನದು. ರೂಟು ನಮ್ಮದು. ಇನ್ನೊಂದು ಸಲ ಹೀಗಾದ್ರೆ ಬೇರೆಯವರಿಗೆ ಕೊಡ್ತೀನಿ. ಆಮೇಲೆ ಬಂದು ಅಳಬೇಡ."

ಮೇಷ್ಟ್ರು ಎಂದರೆ ಕಿಡ್ನಿ ಕೈಕೊಟ್ಟ ಒಬ್ಬ ನಿವೃತ್ತ ಶಾಲಾ ಮಾಸ್ತರು. ಅವರ ನರ ಸಿಗುವುದೆಂದರೆ ಕತ್ತಲೆಯಲ್ಲಿ ಕೂದಲು ಹುಡುಕಿದ ಹಾಗೆ. ಒಂದೇ ಬೆಳಿಗ್ಗೆ ಎರಡನೇ ಸಲ ಬಂದ ಸೂಜಿಯನ್ನು ಬಾಗಿಲಲ್ಲೇ ನಿಲ್ಲಿಸಿ ಅವರ ಹೆಂಡತಿ ಸಿಡಿದರು. "ನಮ್ಮನೆಯವರೇನು ಬೀದಿ ನಲ್ಲೀನಾ? ಬಂದಾಗೆಲ್ಲ ತಿರುವಿ ಹಿಡ್ಕೊಂಡು ಹೋಗೋಕೆ?"

ಮೇಷ್ಟ್ರು ಒಳಗಿಂದಲೇ ಅವಳನ್ನು ಕರೆದರು. ನೀಲಿಗಟ್ಟಿದ ಕೈಯನ್ನು ತಾವೇ ಮೇಜಿನ ಮೇಲಿಟ್ಟರು. ಸೂಜಿ ರಬ್ಬರ್ ಪಟ್ಟಿ ಕಟ್ಟಿ, ದಿನಕ್ಕೆ ಇಪ್ಪತ್ತು ಸಲ ಹೇಳುವ ಮಾತನ್ನು ಹೇಳಿದಳು. "ಮುಷ್ಟಿ ಹಿಡೀರಿ ಸರ್." ಅವರು ಹಿಡಿದರು. ಮೂರು ಕಡೆ ಚುಚ್ಚಿದ ಮೇಲೆ ರಕ್ತ ಬಂತು. ಅವರು ಒಂದೇ ಒಂದು ಬೈಗುಳ ಬೈದಿದ್ದರೂ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ.

ಆ ಉರಿಯನ್ನು ಅವಳು ರಾತ್ರಿಯ ಊಟಕ್ಕೆ ಹೊತ್ತು ತಂದಳು.

ಅವರ ಮನೆಯಲ್ಲಿ ಊಟದ ಮೇಜು ಎಂದರೆ ಗೋಡೆಗೆ ಒತ್ತಿ ಇಟ್ಟ ಹಳೆಯ ಟೈಲರ್ ಟೇಬಲ್ಲು. ಒಂದು ತುದಿಯಲ್ಲಿ ಅಜ್ಜಿ, ಇನ್ನೊಂದು ತುದಿಯಲ್ಲಿ ಅಪ್ಪ, ನಡುವೆ ತಮ್ಮನೂ ಅವಳೂ. ಅಮ್ಮ ಬಡಿಸುತ್ತ ನಿಂತೇ ತಿನ್ನುತ್ತಿದ್ದಳು. ಅಪ್ಪ ಎರಡು ಕುರ್ಚಿಗಳ ಸಲೂನಿನಲ್ಲಿ ಒಂದು ಕುರ್ಚಿಯ ಒಡೆಯ, ಅಂಗಡಿ ಮಾತ್ರ ಬೇರೆಯವರದು. ಸಂಜೆ ಸ್ಕೂಟರ್ ಹತ್ತಿ, ಹಾಸಿಗೆ ಹಿಡಿದ ಮುದುಕರ ಮನೆಗೆ ಹೋಗಿ ಕ್ಷೌರ ಮಾಡಿ ಬರುತ್ತಿದ್ದ. ಬೆಳಿಗ್ಗೆ ಸೂಜಿಗೆ, ಸಂಜೆ ಅಪ್ಪನಿಗೆ, ರಜೆಯ ದಿನ ತಮ್ಮನಿಗೆ. ಒಂದು ಗಾಡಿಗೆ ಮೂವರು ಯಜಮಾನರು.

"ಅದರ ಇಂಜಿನ್ ಸತ್ತಿದೆ" ಎಂದಳು ಸೂಜಿ. "ಯಾರು ಏನು ಮಾಡ್ತೀರೋ ನಂಗೊತ್ತಿಲ್ಲ. ನಾಳೆ ರಿಪೇರಿ ಆಗ್ಬೇಕು."

"ಹಳೇ ಗಾಡಿ" ಎಂದ ತಮ್ಮ. ಅವನು ಬಿಸ್ಕತ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸದವನು, ಹೊಸ ಬೈಕಿನ ಚಿತ್ರಗಳನ್ನು ಫೋನಿನಲ್ಲಿ ತುಂಬಿಕೊಂಡವನು. "ಮಾರಿ ಒಂದು ಬೈಕ್ ತಗೊಳ್ಳೋಣ ಅಂತ ಎಷ್ಟು ಸಲ ಬಡ್ಕೊಂಡೆ."

"ನೀನು ಬಾಯಿ ಮುಚ್ಕೊಂಡು ತಿನ್ನು. ರಜೆ ದಿನ ಇಬ್ಬರು ಮೂವರನ್ನ ಹೇರ್ಕೊಂಡು ಅದರ ಜೀವ ತೆಗೆಯೋನು ನೀನೇ."

"ಹಿಂದೆ ಕೂತ್ರೆ ನಂಗೆ ಚೆನ್ನಾಗೇ ಇರುತ್ತೆ" ಎಂದಳು ಅಜ್ಜಿ. ವಾರಕ್ಕೊಮ್ಮೆ ಕಣ್ಣಿನ ಆಸ್ಪತ್ರೆಗೆ ಮಗನ ಬೆನ್ನಿಗೆ ಅಂಟಿಕೊಂಡು ಹೋಗುವವಳು ಅವಳು. "ನಿಧಾನಕ್ಕೆ ಹೋಗುತ್ತೆ. ಅಂಗಡಿಗಳನ್ನೆಲ್ಲ ನೋಡ್ಕೊಂಡು ಹೋಗಬಹುದು."

"ಕಣ್ಣೇ ಕಾಣಲ್ಲ ಅಂತ ಆಸ್ಪತ್ರೆಗೆ ಹೋಗ್ತೀಯ, ಅಂಗಡಿ ಏನು ನೋಡ್ತೀಯ ಅಜ್ಜಿ?"

ಅಪ್ಪ ಬಲಗೈಯನ್ನು ಪೇಪರಿನ ಮೇಲೆ ಊರಿಕೊಂಡು ಎಡಗೈಯ ಚಮಚದಲ್ಲಿ ಅನ್ನ ತಿನ್ನುತ್ತಿದ್ದ. ಈಚೆಗೆ ಅವನಿಗೆ ಊಟದ ಹೊತ್ತಿಗೇ ಪೇಪರ್ ಬೇಕಾಗುತ್ತಿತ್ತು. "ಮೆಕ್ಯಾನಿಕ್ ಹತ್ರ ನಾನೇ ತಗೊಂಡು ಹೋಗ್ತೀನಿ" ಎಂದ. "ನೀನು ಅಲ್ಲಿಗೆ ಹೋಗಿ ಜಗಳ ಆಡಬೇಡ."

ಹೀಗೆ ಶುರುವಾಯಿತು ಸ್ಕೂಟರಿನ ಚಿಕಿತ್ಸೆ. ಮೊದಲು ಏರ್ ಫಿಲ್ಟರ್ ತೆಗೆದರು. ಧೂಳು ಕಟ್ಟಿದೆ, ಗಾಡಿಗೆ ಉಸಿರು ಸಾಲುತ್ತಿಲ್ಲ ಎಂದರು. ಅಪ್ಪ ಗಾಡಿ ತಂದು ನಿಲ್ಲಿಸಿ, "ಹೂವಿನ ಹಾಗೆ ಓಡ್ತು" ಎಂದ. ಮಾರನೆಯ ಬೆಳಿಗ್ಗೆಯೂ ಓಡಿತು. ಅದರ ಮಾರನೆಯ ಬೆಳಿಗ್ಗೆ ಏರಿನಲ್ಲಿ ಮುಳ್ಳು ಮತ್ತೆ ಹತ್ತಕ್ಕೆ ಬಂದು ಕೂತಿತು. ಆಮೇಲೆ ಪ್ಲಗ್ ಬದಲಾಯಿತು. ಕಾರ್ಬುರೇಟರ್ ಬಿಚ್ಚಿ ತೊಳೆದದ್ದಾಯಿತು. ಒಳಗಿನ ಬೆಲ್ಟ್ ಸವೆದಿದೆ ಎಂದು ಹೊಸ ಬೆಲ್ಟು ಹಾಕಿಸಿದರು, ಅದಕ್ಕೆ ಸೂಜಿಯ ಹೊಸ ಚಪ್ಪಲಿಯ ಆಸೆ ಹೋಯಿತು. ಸೈಲೆನ್ಸರಿನಲ್ಲಿ ಮಸಿ ಕಟ್ಟಿದೆ ಎಂದು ಅದನ್ನೂ ಸುಟ್ಟು ತಂದರು. ಪ್ರತಿ ಸಲವೂ ಅದೇ ಕತೆ. ಮೆಕ್ಯಾನಿಕ್ಕಿನ ಬಳಿಯಿಂದ ಬಂದ ಗಾಡಿ ಕುದುರೆ, ಎರಡು ರಾತ್ರಿ ಮನೆಯಲ್ಲಿ ಕಳೆದರೆ ಎಮ್ಮೆ.

ಒಂದು ದಿನ ಸೂಜಿ ರಸ್ತೆಯ ಪಕ್ಕದಲ್ಲೇ ನಿಂತು ಮೆಕ್ಯಾನಿಕ್ಕಿಗೆ ಫೋನ್ ಮಾಡಿದಳು. "ನಿಮಗೆ ಕೆಲಸ ಬರುತ್ತೋ ಇಲ್ವೋ? ನಮ್ಮಪ್ಪನ ಕಿವಿ ಮೇಲೆ ಹೂ ಇಟ್ಟ ಹಾಗೆ ನನ್ನ ಕಿವಿ ಮೇಲೆ ಇಡೋಕಾಗಲ್ಲ."

ಮೆಕ್ಯಾನಿಕ್ಕೂ ಬಿಸಿ ರಕ್ತದವನೇ. "ಏನಮ್ಮ ಹೀಗೆ ಮಾತಾಡ್ತೀಯ? ನಿಮ್ಮಪ್ಪ ತಂದಾಗೆಲ್ಲ ಚೆನ್ನಾಗೇ ಓಡುತ್ತೆ ಆ ಗಾಡಿ. ಎರಡೂ ಚಕ್ರ ಎತ್ತಿ ತಿರುಗಿಸಿ ನೋಡಿದೀನಿ, ರೋಡಲ್ಲಿ ಓಡಿಸಿ ನೋಡಿದೀನಿ. ಅವರು ಹಟ ಮಾಡಿದ್ದಕ್ಕೆ ಬೆಲ್ಟ್ ಹಾಕಿದ್ದು. ನನ್ನ ಕೇಳಿದ್ರೆ, ನಿಮ್ಮನೇಲೇ ಯಾರೋ ಏನೋ ಮಾಡ್ತಿದಾರೆ. ಮೊದಲು ಅದನ್ನ ನೋಡ್ಕೋ."

ಫೋನಿಟ್ಟ ಮೇಲೆ ಅವಳಿಗೆ ಬೇರೆ ಯಾರ ಮುಖವೂ ನೆನಪಾಗಲಿಲ್ಲ. ಹೊಸ ಬೈಕ್ ಬೇಕಾದವನು ಮನೆಯಲ್ಲಿ ಒಬ್ಬನೇ ಇದ್ದ.

ಅದಾದ ವಾರ ಪೆಟ್ರೋಲು ಮುಗಿಯಿತು. ಮುಗಿಯಬಾರದಿತ್ತು, ತುಂಬಿಸಿ ಹೆಚ್ಚು ದಿನವಾಗಿರಲಿಲ್ಲ. ಡಬ್ಬದಲ್ಲಿ ಮೇಷ್ಟ್ರ ಟ್ಯೂಬು ಸೇರಿ ಬೆಳಗಿನ ಅಷ್ಟೂ ರಕ್ತ. ಬಂಕು ತಿರುವಿನ ಆಚೆಗೇ ಕಾಣುತ್ತಿತ್ತು. ಸೂಜಿ ಇಳಿದು ತಳ್ಳಿದಳು. ಗಾಡಿ ಅಲುಗಲಿಲ್ಲ. ಹೆಲ್ಮೆಟ್ ತೆಗೆದು ಸೊಂಟ ಕೊಟ್ಟು ತಳ್ಳಿದಳು. ಸಮತಟ್ಟಾದ ರಸ್ತೆಯಲ್ಲಿ, ಯಾರೂ ಕೂತಿಲ್ಲದ ಗಾಡಿ, ಗೋಡೆ ತಳ್ಳಿದ ಹಾಗೆ ಭಾರ. ಅಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಬಗ್ಗಿ ಮುಂದಿನ ಚಕ್ರದ ನಡುವಿನ ಡ್ರಮ್ಮಿಗೆ ಬೆರಳಿಟ್ಟವಳು ಹಾ ಎಂದು ಕೈ ಕೊಡವಿದಳು. ಕಾದ ಹೆಂಚು.

ಸ್ಟ್ಯಾಂಡು ಹಾಕಿ, ಹಿಂಭಾಗ ಅದುಮಿ, ಮುಂದಿನ ಚಕ್ರ ಎತ್ತಿ ತಿರುಗಿಸಿದಳು. ಚಕ್ರ ಕಾಲು ಸುತ್ತೂ ತಿರುಗಲಿಲ್ಲ. ಬ್ರೇಕು ಕಚ್ಚಿಕೊಂಡೇ ಇತ್ತು. ಇಷ್ಟು ದಿನ ಇಂಜಿನ್ನು ಪಾಪ, ಬ್ರೇಕು ಹಿಡಿದ ಚಕ್ರವನ್ನು ಎಳೆದುಕೊಂಡು ಏದುಸಿರು ಬಿಡುತ್ತಿತ್ತು. ಬ್ರೇಕಿನ ತಂತಿಯ ತುದಿಯಲ್ಲಿದ್ದ ನಟ್ಟನ್ನು ನೋಡಿದಳು. ಅಕ್ಕಪಕ್ಕದ ನಟ್ಟುಗಳೆಲ್ಲ ತುಕ್ಕು ಹಿಡಿದು ಕೆಂಪಾಗಿದ್ದರೆ, ಅದೊಂದರ ಅಂಚು ಮಾತ್ರ ಸ್ಪ್ಯಾನರ್ ತಿಂದು ತಿಂದು ಬೆಳ್ಳಗೆ ಹೊಳೆಯುತ್ತಿತ್ತು.

ಸೀಟಿನ ಕೆಳಗಿದ್ದ ಸ್ಪ್ಯಾನರ್ ತೆಗೆದು ತಿರುಪು ಬಿಚ್ಚಿದಳು. ಎಷ್ಟು ಸುತ್ತು ಬಿಗಿದಿದ್ದರೋ, ಬಿಚ್ಚುತ್ತ ಬಿಚ್ಚುತ್ತ ಹಲ್ಲು ಕಡಿದಳು. ಚಕ್ರ ಗಿರಗಿರನೆ ತಿರುಗತೊಡಗಿದ ಮೇಲೆ ಬ್ರೇಕು ಒತ್ತಿ ನೋಡಿದಳು. ಸರಿಯಾಗಿ ಹಿಡಿಯುತ್ತಿತ್ತು. ಪೆಟ್ರೋಲು ಹಾಕಿಸಿ ಏರಿಗೆ ಬಂದಾಗ ಮುಳ್ಳು ಐವತ್ತು ದಾಟಿತು. ಲ್ಯಾಬಿನ ಮೇಡಂ ಡಬ್ಬ ತೆಗೆದುಕೊಂಡು, "ನೋಡಿದ್ಯಾ, ಮನಸ್ಸು ಮಾಡಿದ್ರೆ ಆಗುತ್ತೆ" ಎಂದರು. ಸೂಜಿಗೆ ಅವರ ಮೇಲೂ ಸಿಟ್ಟು ಬಂತು.

ಮಧ್ಯಾಹ್ನ ಮನೆಯಲ್ಲಿ ತಮ್ಮ ಮೊಟ್ಟೆ ಸುಲಿಯುತ್ತ ಕೂತಿದ್ದ. ಸೂಜಿ ಸ್ಪ್ಯಾನರನ್ನು ಅವನ ತಟ್ಟೆಯ ಪಕ್ಕಕ್ಕೆ ಕುಕ್ಕಿದಳು. "ಇದನ್ನು ತಿನ್ನು. ಮೊಟ್ಟೆ ಯಾಕೆ?"

"ಏನೇ ಇದು?"

"ಬ್ರೇಕ್ ಬಿಗಿದಿದ್ದು ಯಾರು ಅಂತ ಹೇಳು. ಗಾಡಿ ಕೆಡಿಸಿ ಕೆಡಿಸಿ ಹೊಸದು ತರಿಸ್ಬೇಕು ಅಂತ ಪ್ಲಾನಾ? ನನ್ನ ಕೆಲಸ ಹೋಗೋದ್ರಲ್ಲಿತ್ತು ಗೊತ್ತಾ ನಿಂಗೆ?"

"ನಾನು ಆ ಗಾಡಿಗೆ ಗಾಳಿ ಕೂಡ ಹೊಡೆಸಲ್ಲ, ಬ್ರೇಕ್ ಯಾಕೆ ಮುಟ್ಟಲಿ? ಹುಚ್ಚಾ ನಿಂಗೆ?"

"ಹುಚ್ಚು ಅಂತೆ! ಒಬ್ಬ ಮುದುಕರ ಕೈಗೆ ಒಂದೇ ದಿನ ನಾಲ್ಕು ಸಲ ಚುಚ್ಚಿದೀನಿ ನಿನ್ನಿಂದ. ಯಾರೋ ಸೈಕಲ್ಲಲ್ಲಿ ಹೋಗೋನ ಹತ್ರ ನಗಿಸಿಕೊಂಡಿದೀನಿ ನಿನ್ನಿಂದ."

ತಮ್ಮ ಮೊಟ್ಟೆಯನ್ನು ತಟ್ಟೆಗೆ ಎಸೆದು ಎದ್ದ. "ಈ ಮನೇಲಿ ಏನು ಕೆಟ್ರೂ ನಾನೇ. ಮಿಕ್ಸಿ ಕೆಟ್ರೂ ನಾನು, ಬಲ್ಬ್ ಹೋದ್ರೂ ನಾನು. ಬೈಕ್ ಬೇಕು ಅಂದಿದ್ದು ನಿಜ. ಅದಕ್ಕೆ ಅಕ್ಕ ಬಿದ್ದು ಸಾಯೋ ಹಾಗೆ ಮಾಡ್ತೀನಾ? ಥೂ!" ಚಪ್ಪಲಿ ಮೆಟ್ಟಿಕೊಂಡು ಹೋದವನು ಬಾಗಿಲನ್ನು ಗೋಡೆ ಅದುರುವ ಹಾಗೆ ಹಾಕಿದ.

ಅಮ್ಮ ಸಿಂಕಿನ ಮುಂದೆ ನಿಂತವಳು ನಲ್ಲಿ ನಿಲ್ಲಿಸಿದ್ದಳು. "ಈಗ ಬ್ರೇಕು ಹೇಗಿದೆ?" ಎಂದಳು.

"ಹೇಗಿರಬೇಕೋ ಹಾಗಿದೆ. ಸಡಿಲ ಮಾಡಿದೀನಿ."

"ಸ್ವಲ್ಪ ಬಿಗಿಯಾಗೇ ಇರ್ಲಿ ಬಿಡು. ಸಂಜೆ ಅಪ್ಪ ಅಜ್ಜೀನ ಕೂರಿಸ್ಕೊಂಡು ಹೋಗ್ತಾರೆ. ಇಳಿಜಾರು ಬೇರೆ."

"ಬಿಗಿಯಾಗಿ ಇದ್ದೂ ಇದ್ದೂ ಸಾಕಾಯ್ತು. ಇನ್ನು ಈ ಗಾಡಿಗೆ ಕೈ ಹಾಕೋರು ನನ್ನನ್ನ ಕೇಳ್ಬೇಕು." ಸ್ಪ್ಯಾನರನ್ನು ತನ್ನ ಕೆಲಸದ ಬ್ಯಾಗಿಗೆ ತುರುಕಿ ಜಿಪ್ ಎಳೆದಳು. ಅಮ್ಮ ಬಾಯಿ ತೆರೆದಳು. ಮತ್ತೆ ಮುಚ್ಚಿ, ನಲ್ಲಿ ತಿರುಗಿಸಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಸಂಜೆ ಅಪ್ಪ ಸೀಟೆತ್ತಿ ಏನೋ ಹುಡುಕುತ್ತಿದ್ದುದು ಒಳಗೆ ಬಟ್ಟೆ ಮಡಚುತ್ತಿದ್ದ ಸೂಜಿಗೆ ಕೇಳಿಸಿತು. "ಇವತ್ತು ಆಟೋದಲ್ಲಿ ಹೋಗಿ" ಎಂದು ಅಮ್ಮ ಪಿಸುಗುಟ್ಟಿದ್ದೂ ಕೇಳಿಸಿತು. "ನಾನೇನು ಸತ್ತಿದೀನಾ?" ಎಂದ ಅಪ್ಪ. ಅಜ್ಜಿ ಏಳಲೊಲ್ಲದ ಮಂಡಿಗೆ ಶಾಪ ಹಾಕುತ್ತ ಹಿಂದೆ ಕೂತಳು. ಗಾಡಿ ಹೊರಟಿತು, ಈಚಿನ ದಿನಗಳಲ್ಲಿ ಕೇಳಿರದಷ್ಟು ಹಗುರಾಗಿ.

ಅರ್ಧ ಗಂಟೆಯೂ ಆಗಿರಲಿಲ್ಲ, ಇಬ್ಬರನ್ನೂ ಯಾರೋ ಆಟೋದಲ್ಲಿ ತಂದು ಇಳಿಸಿದರು. ಇಳಿಜಾರಿನ ಕೊನೆಯಲ್ಲಿ ನಿಂತಿದ್ದ ಹಣ್ಣಿನ ತಳ್ಳುಗಾಡಿಗೆ ಹೋಗಿ ಗುದ್ದಿದ್ದರು. ಅಪ್ಪನ ತುಟಿ ಸೀಳಿತ್ತು. ಅಜ್ಜಿಯ ಮೊಣಕಾಲು ತರಚಿ, ಒಂದು ಚಪ್ಪಲಿ ಕಳೆದು, ಬಾಯಿ ಮಾತ್ರ ಒಂದಿಷ್ಟೂ ಏಟಾಗದೆ ಉಳಿದಿತ್ತು. "ಬ್ರೇಕ್ ಹಾಕೋ, ಬ್ರೇಕ್ ಹಾಕೋ ಅಂತ ಕೂಗ್ತಾ ಇದೀನಿ, ಇವನು ತಾನೂ ಅಯ್ಯೋ ಅಂತ ಕೂಗ್ತಾ ಇದಾನೆ! ಡ್ರೈವರೂ ಕೂಗಿದ್ರೆ ಹಿಂದೆ ಕೂತೋರು ಏನು ಮಾಡ್ಬೇಕು?"

ಸುದ್ದಿ ಕೇಳಿ ಓಡಿ ಬಂದ ತಮ್ಮ ಅಲ್ಲಿಂದ ಗಾಡಿ ಓಡಿಸಿಕೊಂಡು ಬಂದಿದ್ದ. ಮುಂದಿನ ಮಡ್‌ಗಾರ್ಡ್ ಒಡೆದಿತ್ತು, ಅಷ್ಟೇ.

"ಬ್ರೇಕ್ ಬಿಚ್ಚಿದ್ದು ಯಾರು?" ಅಪ್ಪ ತುಟಿಗೆ ಬಟ್ಟೆ ಒತ್ತಿಕೊಂಡೇ ಗುಡುಗಿದ. "ಯಾರಿಗೆ ಕೇಳಿ ಬಿಚ್ಚಿದ್ರಿ? ನಮ್ಮಮ್ಮ ಸತ್ತೋಗ್ತಿದ್ಲು ಇವತ್ತು!"

"ನಾನು" ಎಂದಳು ಸೂಜಿ. ಅಜ್ಜಿಯ ಮೊಣಕಾಲು ಒರೆಸುತ್ತಿದ್ದ ಹತ್ತಿಯಲ್ಲಿ ರಕ್ತವಿತ್ತು. ದಿನವೂ ರಕ್ತ ನೋಡುವವಳಿಗೆ ಮನೆಯ ರಕ್ತ ನೋಡಲಾಗಲಿಲ್ಲ.

"ಬ್ರೇಕ್ ಸರಿಯಾಗೇ ಇದೆಯಲ್ಲ?" ಎಂದ ತಮ್ಮ. "ಅದೇ ಇಳಿಜಾರಲ್ಲಿ ಒಂದು ಸಲ ಇಳಿಸಿ ನೋಡ್ಕೊಂಡೇ ಬಂದೆ. ಎರಡು ಬೆರಳಲ್ಲಿ ಒತ್ತಿದ್ರೂ ನಿಲ್ಲುತ್ತೆ."

ಅಮ್ಮ ನೆಲ ನೋಡಿದಳು. ಸೂಜಿ ಅಮ್ಮನನ್ನು ನೋಡಿದಳು, ಆಮೇಲೆ ಅಪ್ಪನನ್ನು. ತುಟಿಗೆ ಬಟ್ಟೆ ಹಿಡಿದಿದ್ದದ್ದು ಎಡಗೈ. ಬಲಗೈ ತೊಡೆಯ ಮೇಲೆ ಮಲಗಿತ್ತು. ಪೇಪರ್ ನೆನಪಾಯಿತು, ಚಮಚ ನೆನಪಾಯಿತು. ಕತ್ತರಿ ಬಿಟ್ಟು ಕರೆಂಟಿನ ಮೆಷಿನ್ ಹಿಡಿದಾಗ "ಈಗಿನ ಹುಡುಗರಿಗೆ ಅದೇ ಬೇಕು" ಎಂದಿದ್ದ. ಅಂಗಿಯ ಗುಂಡಿ ಹಾಕಲು ಅಮ್ಮ ಬೆಳಿಗ್ಗೆ ಬೆಳಿಗ್ಗೆ ಕೋಣೆಗೆ ಹೋಗುತ್ತಿದ್ದಳು.

ಸೂಜಿ ಒಳಗಿಂದ ಬ್ಯಾಗ್ ತಂದು ಅಪ್ಪನ ಎದುರು ಸ್ಟೂಲ್ ಎಳೆದು ಕೂತಳು. "ಬಲಗೈ ಕೊಡಿ."

ಹುಟ್ಟಿದಾಗಿನಿಂದ ಅಪ್ಪನನ್ನು ನೀನು ಎಂದೇ ಕರೆದವಳು. ಆ 'ಕೊಡಿ' ಕೇಳಿ ಅಜ್ಜಿ ಕೂಡ ಸುಮ್ಮನಾದಳು.

"ಊಟ ಆಗ್ಲಿ, ಆಮೇಲೆ" ಎಂದಳು ಅಮ್ಮ.

"ನೀನು ಸುಮ್ನಿರಮ್ಮ. ಬಲಗೈ ಕೊಡಿ. ಮುಷ್ಟಿ ಹಿಡೀರಿ."

ಬೆರಳುಗಳು ಅರ್ಧ ದಾರಿಗೆ ಬಂದು ನಿಂತವು. ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಜಾಗ ಉಳಿಯಿತು.

"ಇನ್ನೂ ಬಿಗಿ."

"ಇಷ್ಟೇ ಆಗೋದು!" ಅಪ್ಪ ಕಿರುಚಿದ. ತುಟಿಯಿಂದ ಮತ್ತೆ ರಕ್ತ ಬಂತು. "ಇಷ್ಟೇ ಆಗೋದು. ನೋಡ್ಕೊಂಡ್ಯಲ್ಲ, ಸಮಾಧಾನ ಆಯ್ತಾ? ಮುಂದಿನ ಬ್ರೇಕು ಮುಟ್ಟಿದ ಕೂಡಲೇ ಹಿಡಿದ್ರೆ ಮಾತ್ರ ಈ ಕೈಗೆ ಸಿಗೋದು, ಎಡಗೈಯ ಹಿಂದಿನ ಬ್ರೇಕೊಂದೇ ಇಳಿಜಾರಿಗೆ ಸಾಲಲ್ಲ. ಅದಕ್ಕೆ ಬಿಗೀತಿದ್ದೆ."

"ಮೆಕ್ಯಾನಿಕ್ ಹತ್ರ ಹೋಗುವಾಗ?"

ಅಪ್ಪ ಬಟ್ಟೆಯನ್ನು ಮತ್ತೆ ತುಟಿಗೆ ಒತ್ತಿಕೊಂಡ.

"ಬಿಚ್ಕೊಂಡು ಹೋಗ್ತಿದ್ದೆ, ಅಲ್ವಾ? ಬೆಲ್ಟ್ ಹಾಕಿಸ್ದೆ, ಸೈಲೆನ್ಸರ್ ಸುಡಿಸ್ದೆ, ಗೊತ್ತಿದ್ದೂ ಗೊತ್ತಿದ್ದೂ!"

"ಮೊದಲು ಗೊತ್ತಿರ್ಲಿಲ್ಲ. ಇಂಜಿನ್ನೇ ಅಂದ್ಕೊಂಡಿದ್ದೆ. ಫಿಲ್ಟರ್ ತೆಗೆಸೋಕೆ ಹೊರಟ ದಿನ, ಮೆಕ್ಯಾನಿಕ್ ನೋಡಿದ್ರೆ ಇಷ್ಟು ಬಿಗಿ ಯಾಕೆ ಅಂತ ಕೇಳ್ತಾನೆ ಅಂತ ಬ್ರೇಕ್ ಸಡಿಲ ಮಾಡ್ದೆ. ಗಾಡಿ ಹಾರಿಹೋಯ್ತು. ಆಗ ಗೊತ್ತಾಯ್ತು."

"ಅವತ್ತಿಂದ ನಾನು ಬಾಯಿ ಬಡ್ಕೊಳ್ಳೋದನ್ನ ಕೇಳ್ತಾ ನೀನು ಪೇಪರ್ ಓದ್ತಿದ್ದೆ. ನನ್ನ ರೂಟ್ ಬೇರೆಯವರಿಗೆ ಹೋದ್ರೆ ಹೋಗ್ಲಿ. ಆ ಮೇಷ್ಟ್ರ ಕೈ ಜರಡಿ ಆದ್ರೆ ಆಗ್ಲಿ. ನಿನ್ನ ಕುರ್ಚಿ ಉಳೀಬೇಕು."

"ಹೂಂ, ಉಳೀಬೇಕು!" ಅಪ್ಪ ಎದ್ದು ನಿಂತ. "ಕೈ ಹೋಗಿದೆ ಅಂತ ಗೊತ್ತಾದ್ರೆ ಅಂಗಡಿಯವನು ಒಂದು ದಿನ ಇಟ್ಕೋತಾನಾ? ನಿಂಗೆ ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಅಲ್ಲಿ ಚುಚ್ಚು, ಇಲ್ಲಿ ತೋರಿಸು, ಅದು ಮುಟ್ಟಬೇಡ, ಇದು ಮುಟ್ಟಬೇಡ! ಆಮೇಲೆ ನಾನೇನು ಮಾಡ್ಲಿ, ಬಾಗಿಲಲ್ಲಿ ಕೂತು ಬೀದಿ ನಾಯಿ ಎಣಿಸ್ಲಾ?"

"ಹಾಸಿಗೇಲಿರೋ ಮುದುಕರಿಗೆ ಯಾವುದರಲ್ಲಿ ಶೇವ್ ಮಾಡ್ತೀಯ? ಮೆಷಿನ್ನಲ್ಲಾ, ಕತ್ತೀಲಾ?"

ಅಪ್ಪ ಬಲಗೈಯನ್ನು ಬೆನ್ನ ಹಿಂದೆ ಸರಿಸಿದ.

"ಕತ್ತೀಲಿ! ಈ ಕೈಯಲ್ಲಿ, ಅವರ ಗಂಟಲ ಮೇಲೆ. ಅಮ್ಮ, ನಿಂಗೂ ಗೊತ್ತಿತ್ತು. ಮಧ್ಯಾಹ್ನ ಒಂದು ಮಾತು ಹೇಳಿದ್ರೆ ನಾನು ಸ್ಪ್ಯಾನರ್ ಎತ್ತಿಡ್ತಿರ್ಲಿಲ್ಲ. ಅಜ್ಜಿ ಬೀಳ್ತಿರ್ಲಿಲ್ಲ."

"ಹೇಳಬೇಡ ಅಂತ ಆಣೆ ಹಾಕ್ಸಿದ್ರು" ಎಂದು ಅಮ್ಮ ಅತ್ತಳು. "ಇಬ್ಬರ ನಡುವೆ ನಾನು ಸಾಯ್ಲಾ?"

"ನನ್ನನ್ನ ಯಾರೂ ಕ್ಷಮೆ ಕೇಳಲ್ವಾ?" ಎಂದ ತಮ್ಮ, ಗೋಡೆಗೆ ಒರಗಿ.

"ನಿಂಗೆ ಆಮೇಲೆ" ಎಂದಳು ಸೂಜಿ, ತಿರುಗಿ ನೋಡದೆ. "ಬೆಳಿಗ್ಗೆ ರಕ್ತ ತೆಗೀತೀನಿ. ಸಕ್ಕರೆ ಕಾಯಿಲೆಯೋ, ಇನ್ನೇನೋ, ನೋಡಿಸ್ಲೇಬೇಕು. ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಅಲ್ಲೀವರೆಗೂ ಕತ್ತಿ ಮುಟ್ಟೋ ಹಾಗಿಲ್ಲ, ಗಾಡಿ ಮುಟ್ಟೋ ಹಾಗಿಲ್ಲ."

"ನಿನ್ನ ಕೈಗೆ ನನ್ನ ಒಂದು ಹನಿ ರಕ್ತ ಕೊಡಲ್ಲ" ಎಂದು ಅಪ್ಪ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಅಂದು ಮಾಡಿದ ಅನ್ನವನ್ನು ಅಜ್ಜಿಯೊಬ್ಬಳು ತಿಂದಳು. ಬಿದ್ದವಳು ನಾನು, ಉಪವಾಸ ನಾನ್ಯಾಕೆ ಮಾಡಲಿ ಎಂದಳು.

ಬೆಳಿಗ್ಗೆ ಡಬ್ಬ ಹೊತ್ತು ಹೊರಟ ಸೂಜಿ ನಡುಮನೆಯಲ್ಲಿ ನಿಂತಳು. ಅಪ್ಪ ಮೇಜಿನ ಮುಂದೆ ಕೂತಿದ್ದ. ಪೇಪರ್ ಇರಲಿಲ್ಲ. ಅಂಗಿಯ ಎಡ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ, ಕೈಯನ್ನು ಮೇಜಿನ ಮೇಲೆ ಚಾಚಿ, ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದ. ಯಾರು ಮಡಚಿಕೊಟ್ಟರೆಂದು ಕೇಳಬೇಕಾಗಿರಲಿಲ್ಲ. ಅಮ್ಮ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು.

ಸೂಜಿ ಪಟ್ಟಿ ಕಟ್ಟಿದಳು. "ಮುಷ್ಟಿ ಹಿಡೀರಿ."

ಹಿಡಿದ. ಎಲ್ಲ ಸಿಟ್ಟನ್ನೂ ಆ ಕೈಗೇ ತುಂಬಿದ ಹಾಗೆ ಹಿಡಿದ. ಗೆಣ್ಣುಗಳು ಬಿಳುಚಿದವು, ನರ ಉಬ್ಬಿ ನಿಂತಿತು. ಒಂದೇ ಚುಚ್ಚಿಗೆ ಸಿಕ್ಕಿತು. ಟ್ಯೂಬಿನಲ್ಲಿ ರಕ್ತ ಏರತೊಡಗಿತು.

"ಈಗ ಮುಷ್ಟಿ ಬಿಡಿ" ಎಂದಳು.

ಅಪ್ಪ ಬಿಡಲಿಲ್ಲ. ಗೋಡೆ ನೋಡುತ್ತಲೇ ಇದ್ದ.

"ಬಿಡಿ ಅಂದೆ."

ಬಿಡಲಿಲ್ಲ. ಟ್ಯೂಬು ತುಂಬಿತು. ಸೂಜಿ ಪಟ್ಟಿ ಸಡಿಲಿಸಿ, ಹತ್ತಿ ಒತ್ತಿ ಹಿಡಿದು, ಆ ಬಿಗಿದ ಕೈಯನ್ನೇ ನೋಡುತ್ತ ಕೂತಳು. ಲ್ಯಾಬಿಗೆ ಹೊತ್ತಾಗುತ್ತಿತ್ತು. ಹೊರಗೆ ಬ್ರೆಡ್ಡಿನವನ ಗಂಟೆ ಕೇಳಿ, ದೂರವಾಯಿತು.

"ಬಿಡಪ್ಪ" ಎಂದಳು.

ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.